ಅಪ್ಪನ ಬಿಳುಪು

ಎರಡು ವರ್ಷ ನಾನು ಮಾಡಿದ ಕೆಲಸಕ್ಕೆ ಹೆಸರಿಲ್ಲ. ಅಪ್ಪ ತೆಗೆದ ಫೋಟೋಗಳಿಂದ ನೀಲಿ ಬಣ್ಣ ತೆಗೆಯುವುದು, ಅಷ್ಟೇ. ಅವರು ಮೈದಾನದಿಂದ ಬಂದು ಕ್ಯಾಮೆರಾದ ಕಾರ್ಡನ್ನು ನನ್ನ ಕೈಗೆ ಕೊಟ್ಟು ಊಟಕ್ಕೆ ಕೂರುತ್ತಿದ್ದರು. ಅವರ ಎರಡು ರೊಟ್ಟಿ ಮುಗಿಯುವುದರೊಳಗೆ ನಾನು ಹಿಂದಿನ ಕೋಣೆಯಲ್ಲಿ ಕೂತು ಮುನ್ನೂರು ಫೋಟೋಗಳ ಬಣ್ಣ ತಿದ್ದಿ, ಪತ್ರಿಕೆಗಳಿಗೂ ಶಾಲೆಗಳಿಗೂ ಕಳಿಸಿಬಿಡಬೇಕು. ಕೈ ತೊಳೆದು ಬಂದವರು, ಹೋದವೇನು ಎಂದು ಕೇಳಿದರೆ ಹೋದವು ಎನ್ನಬೇಕು. ತಿದ್ದಿದ ಸಂಗತಿ ಮಾತ್ರ ಅವರ ಕಿವಿಗೆ ಬೀಳಬಾರದು.

ಬೈರಿದೇವರಕೊಪ್ಪದಲ್ಲಿ ರಸ್ತೆಗೆ ಮುಖಮಾಡಿ ನಮ್ಮ ಸ್ಟುಡಿಯೋ, ಅದರ ಹಿಂದೆ ಮನೆ, ಎರಡರ ನಡುವೆ ಈ ಕೋಣೆ. ಕಿಟಕಿಯೇನೋ ಇದೆ. ಬಿಸಿಲು ಒಳಗೆ ಬಂದರೆ ಕಂಪ್ಯೂಟರಿನ ಮೇಲೆ ಬಣ್ಣ ಸರಿಯಾಗಿ ಕಾಣುವುದಿಲ್ಲವೆಂದು ಅಪ್ಪನೇ ಗಾಜಿಗೆ ಕರಿ ಹಾಳೆ ಅಂಟಿಸಿದ್ದಾರೆ. ಧಾರವಾಡದ ಕಡೆಗೆ ಚಿಗರಿ ಬಸ್ಸು ಹೋದದ್ದು ಸಪ್ಪಳದಿಂದ ಗೊತ್ತಾಗುತ್ತದೆ. ಇಪ್ಪತ್ತಾರು ವರ್ಷದ ಹೆಣ್ಣುಮಗಳು ನಾನು ಹೀಗೆ ಬಸ್ಸುಗಳ ಸಪ್ಪಳ ಎಣಿಸುತ್ತ ಕೂತಿದ್ದೆ.

ಅಪ್ಪನ ಹೆಸರು ಶಾಂತಯ್ಯ. ಮೂಗಿನ ತುದಿಯಲ್ಲೇ ಸಿಟ್ಟಿರುವವರಿಗೆ ಈ ಹೆಸರಿಟ್ಟವರನ್ನು ಕರೆಸಿ ಒಂದು ಮಾತು ಕೇಳಬೇಕು. ಮೂವತ್ತೆರಡು ವರ್ಷದಿಂದ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಎಲ್ಲ ಮೈದಾನಗಳಲ್ಲೂ ಆಟದ ಫೋಟೋ ತೆಗೆಯುತ್ತ ಬಂದವರು. ಖೊಖೊ, ಹಾಕಿ, ಓಟ, ಯಾವುದಿದ್ದರೂ ಗೆರೆಯ ಪಕ್ಕ ಮಂಡಿಯೂರಿ ಕೂತಿರುತ್ತಾರೆ. ಅವರಿಗೆ ಹೆಸರು ಬಂದದ್ದು ಬಣ್ಣದಿಂದ. ಬೆಳಗಿನ ಬಿಸಿಲು ಕೇಸರಿ, ನೆತ್ತಿಯ ಬಿಸಿಲು ಬಿಳಿ, ನೆರಳಿನ ಬೆಳಕು ನೀಲಿ. ನಮ್ಮ ಕಣ್ಣು ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಮಾತ್ರ ಯಾವುದು ಬಿಳಿ ಎಂದು ಯಾರಾದರೂ ಹೇಳಿಕೊಡಬೇಕು. ಅದನ್ನೇ ವೈಟ್ ಬ್ಯಾಲೆನ್ಸ್ ಅನ್ನುತ್ತಾರೆ. ಆಟೋಕ್ಕೆ ಇಟ್ಟರೆ ಅದು ತಾನೇ ಊಹಿಸುತ್ತದೆ, ಧಾರವಾಡದ ಕೆಂಪು ಮಣ್ಣು ಕಂಡ ಕೂಡಲೇ ಬೆದರಿ ತಂಪು ಬಣ್ಣ ಸುರಿದು ಆಟಗಾರರನ್ನೆಲ್ಲ ಬೂದಿ ಬಡಿದವರ ಹಾಗೆ ಮಾಡುತ್ತದೆ. ಹಿಂದೆ ಹಸಿರು ಗಿಡ ಬಂದರೆ ಅದೇ ಹುಡುಗಿಗೆ ಇನ್ನೊಂದು ಬಣ್ಣ. ಆದ್ದರಿಂದ ಅಪ್ಪ ಆಟೋ ಇಡುವವರನ್ನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಬೇರೆಯವರು ಇದಕ್ಕೆ ಬೂದು ಬಣ್ಣದ ಕಾರ್ಡು ಕೊಳ್ಳುತ್ತಾರೆ. ನಾವು ಜಂಗಮರು, ಅಪ್ಪನ ಚೀಲದಲ್ಲಿ ಇದ್ದದ್ದು ವಿಭೂತಿ ಗಟ್ಟಿ. ಆಟ ಶುರುವಾಗುವ ಮೊದಲು ಮಡಿಚಿದ ವಸ್ತ್ರದ ಮೇಲೆ ಅದನ್ನು ಬಿಸಿಲಿಗೆ ಇಟ್ಟು, ಹತ್ತಿರದಿಂದ ಒಂದು ಫೋಟೋ ತೆಗೆದು, ಇದು ಬಿಳಿ ಎಂದು ಕ್ಯಾಮೆರಾಕ್ಕೆ ತೋರಿಸುತ್ತಿದ್ದರು. ಬಿಸಿಲು ಬದಲಾದರೆ ಮತ್ತೊಮ್ಮೆ. ಸ್ವಾಮೇರು ಕ್ಯಾಮೆರಾಕ್ಕೂ ಲಿಂಗದೀಕ್ಷೆ ಕೊಟ್ಟಾರ ಎಂದು ಉಳಿದ ಫೋಟೋಗ್ರಾಫರುಗಳು ನಗುತ್ತಿದ್ದರು. ನಕ್ಕವರ ಫೋಟೋಗಳಿಗಿಂತ ಅಪ್ಪನವು ಯಾವತ್ತೂ ಚೆನ್ನಾಗಿರುತ್ತಿದ್ದವು.

ಎರಡು ವರ್ಷದ ಹಿಂದೆ ಒಂದು ದಿನ ಅಪ್ಪ ಮೈದಾನದಿಂದ ಸಿಟ್ಟಾಗಿ ಬಂದರು. ವಿಭೂತಿಯಲ್ಲಿ ಕಲಬೆರಕೆ ಇದೆ, ಹಳದಿ ಹೊಡೆಯುತ್ತಿದೆ ಎಂದರು. ಅಂಗಡಿ ಬದಲಿಸಿದರು. ಅದೂ ಹಳದಿ. ಮಠದಿಂದ ತರಿಸಿದರು, ಸೊಲ್ಲಾಪುರಕ್ಕೆ ಹೋದವರ ಕೈಯಲ್ಲಿ ತರಿಸಿದರು, ಕಡೆಗೆ ದೇವರ ಮನೆಯಲ್ಲಿದ್ದ ಅಜ್ಜನ ಕಾಲದ ಗಟ್ಟಿಯನ್ನೂ ಒಯ್ದು ನೋಡಿದರು. ಎಲ್ಲವೂ ಖೊಟ್ಟಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಿಭೂತಿಯನ್ನು ನಂಬಿ ಕೆಟ್ಟೆನೆಂದು, ಕ್ಯಾಮೆರಾದ ಹಿಂದಿನ ಪುಟ್ಟ ಪರದೆ ನೋಡುತ್ತ ಕಣ್ಣಳತೆಯಲ್ಲೇ ಬಣ್ಣದ ಅಂಕಿ ಇಡತೊಡಗಿದರು. ಐದು ಸಾವಿರದ ಮುನ್ನೂರು ಇರಬೇಕಾದ ಬಿಸಿಲಿಗೆ ನಾಲ್ಕು ಸಾವಿರ ಇಟ್ಟರು. ಅಂಕಿ ಇಳಿದಷ್ಟೂ ಫೋಟೋ ನೀಲಿಯಾಗುತ್ತದೆ. ಮೊದಲ ಸಲ ಆ ಫೋಟೋಗಳನ್ನು ತೆರೆದಾಗ ಖೊಖೊ ಆಡುವ ಹುಡುಗಿಯರು ಬಾವಿಯಿಂದ ಎತ್ತಿ ಹಾಕಿದವರಂತೆ ಕಂಡರು. ಬಣ್ಣ ತಿದ್ದಿ ಕಳಿಸಿದೆ, ಯಾರಿಗೂ ಹೇಳಲಿಲ್ಲ. ಅದೇ ನಾನು ಮಾಡಿದ ತಪ್ಪು.

ಮರುದಿನ ಪತ್ರಿಕೆಯಲ್ಲಿ ಆ ಫೋಟೋ ನೋಡಿ ಅಪ್ಪ, ಪೇಪರಿನವರು ಶಾಯಿಗೆ ಏನು ಕಲಸುತ್ತಾರೋ, ನನ್ನ ಬಣ್ಣವೆಲ್ಲ ಹಾಳು ಎಂದು ಬೈದರು. ಆವತ್ತಿನಿಂದ ಎರಡು ವರ್ಷ ಪೇಪರಿನವರು ಬೈಸಿಕೊಂಡರು.

ಕಣ್ಣು ತೋರಿಸೋಣ ಎಂದು ಮೂರು ಸಲ ಹೇಳಿದ್ದೆ. ಮೂರನೆಯ ಸಲ ಮುಂದಿದ್ದ ತಾಟು ಅಂಗಳಕ್ಕೆ ಹಾರಿತು. ದೊಡ್ಡಪ್ಪ ಬಹಳ ಹಿಂದೆ ಯಾವುದೋ ಕ್ಯಾಂಪಿನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಕೀವಾಗಿ, ಎರಡೂ ಕಣ್ಣು ಕಳೆದುಕೊಂಡಿದ್ದರು. ಅವರ ಕೈ ಹಿಡಿದು ಒಂಬತ್ತು ವರ್ಷ ನಡೆಸಿದವರು ಅಪ್ಪ. ಆ ಹೆದರಿಕೆಯನ್ನು ಅವರು ಸಿಟ್ಟಿನ ಒಳಗೆ ಇಟ್ಟುಕೊಂಡಿದ್ದರು. ಅವ್ವ, ಅಂದರೆ ಶಿವಬಸವ್ವ, ನನ್ನನ್ನು ಅಡುಗೆಮನೆಗೆ ಕರೆದು ಆಣೆ ಹಾಕಿಸಿಕೊಂಡಳು.

"ಹೆಂಗರೆ ಮಾಡಿ ನಡಸ್ಕೊಂಡ ಹೋಗು. ತಮ್ದ ತಪ್ಪೈತಿ ಅಂತ ಗೊತ್ತಾದ್ರ ಅವ್ರು ಕ್ಯಾಮೆರಾ ಕೆಳಗಿಡ್ತಾರ. ಕ್ಯಾಮೆರಾ ಇಟ್ರ ಮನಷ್ಯಾ ಉಳಿಯಂಗಿಲ್ಲ."

ನಡೆಸಿಕೊಂಡು ಹೋದೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮದುವೆಗೋ ತೀರ್ಥಕ್ಕೋ ಒಂದು ದಿನ ಊರು ಬಿಡಬೇಕಾದರೂ ಆವತ್ತು ಎಲ್ಲಿಯೂ ಆಟ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ನಾನೂ ಫೋಟೋ ತೆಗೆಯುತ್ತೇನೆ, ಕೆಟ್ಟದಾಗಿ ತೆಗೆಯುವುದಿಲ್ಲ. ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿತ್ತು, ಮನೆಯಲ್ಲಿ ತುಟಿ ಬಿಚ್ಚದೆ ಆಗುವುದಿಲ್ಲ ಎಂದು ಬರೆದು ಕೈತೊಳೆದುಕೊಂಡಿದ್ದೆ. ಮೂರನೆಯದು ಈ ಜನವರಿಯಲ್ಲಿ ಬಂತು. ಗಬ್ಬೂರಿನ ಬೈಪಾಸಿನಲ್ಲಿ ನಾನು ತೆಗೆದಿದ್ದ ಸೈಕಲ್ ಸ್ಪರ್ಧೆಯ ಫೋಟೋಗಳನ್ನು ನೋಡಿದವರು, ಮಹಿಳೆಯರ ಹಾಕಿ ತಂಡವೊಂದರ ಜೊತೆ ವರ್ಷವಿಡೀ ಊರೂರು ತಿರುಗಿ ಫೋಟೋ ತೆಗೆಯುತ್ತೀಯಾ ಎಂದು ಕೇಳಿದ್ದರು. ರವಿವಾರ ಸಂಜೆ ಆರರೊಳಗೆ ಒಪ್ಪಿಗೆ ಕಳಿಸಬೇಕು. ಆ ಪತ್ರವನ್ನು ದಿನಕ್ಕೆ ಹತ್ತು ಸಲ ಓದಿ ಮುಚ್ಚಿಡುತ್ತಿದ್ದೆ.

ಅದೇ ರವಿವಾರ ಧಾರವಾಡದ ಸ್ಟೇಡಿಯಂನಲ್ಲಿ ಶಾಲೆಗಳ ಓಟ-ಜಿಗಿತದ ಕೂಟ. ಅಪ್ಪನಿಗೆ ಕೆಲಸ ಸಿಕ್ಕಿತ್ತು, ಆದರೆ ಈ ಸಲ ಹೊಸ ಪದ್ಧತಿ. ತೆಗೆದ ಫೋಟೋ ಕ್ಯಾಮೆರಾದಿಂದ ನೇರ ಪೆವಿಲಿಯನ್ ಪಕ್ಕದ ದೊಡ್ಡ ಪರದೆಗೂ ತಾಯಿತಂದೆಯರ ಮೊಬೈಲಿಗೂ ಹೋಗುತ್ತದಂತೆ. ನಡುವೆ ಯಾರೂ ಕೈಯಾಡಿಸುವ ಹಾಗಿಲ್ಲ. ಅದನ್ನು ಕೇಳಿ ನಾನು ಏನಾದರೂ ದಾರಿ ಹುಡುಕತೊಡಗಿದೆ. ಅಪ್ಪ ಮಾತ್ರ ಹೊಸ ಅಂಗಿ ಇಸ್ತ್ರಿ ಮಾಡಿಸಿದರು. ಪೇಪರಿನವರ ಕೈಗೆ ಸಿಗುವ ಮೊದಲು ನನ್ನ ಬಣ್ಣವನ್ನು ಜನ ಖರೇ ಖರೇ ನೋಡಲಿ ಎಂದರು.

ಶನಿವಾರವೆಲ್ಲ ನಾನು ಕ್ಯಾಮೆರಾ ಒಡೆಯುವ ಯೋಚನೆ ಮಾಡಿದೆ. ಧೈರ್ಯ ಬರಲಿಲ್ಲ. ರವಿವಾರ ಬೆಳಿಗ್ಗೆ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದಾಗ ಚೀಲದೊಳಗೆ ಕೈ ಹಾಕಿ ಸೂರ್ಯನ ಚಿತ್ರವಿರುವ ಸೆಟ್ಟಿಂಗಿಗೆ ತಿರುಗಿಸಿದೆ. ಬಯಲಿನ ಬಿಸಿಲಿಗೆ ಅದೇ ಸಾಕು, ಮುಟ್ಟದಿದ್ದರೆ ದಿನ ದಾಟುತ್ತದೆ. ಅಪ್ಪ ಮೊದಲ ಫೋಟೋ ತೆಗೆದು ನೋಡಿದರು, ಅರಿಶಿನ ಹಚ್ಚಿದ ಮದುಮಕ್ಕಳ ಹಾಗೆ ಕಾಣುತ್ತಾರಲ್ಲ ಎಂದು ಗೊಣಗಿದರು, ಅಂಕಿಯನ್ನು ಮೂರು ಸಾವಿರದ ಒಂಬೈನೂರಕ್ಕೆ ಇಳಿಸಿದರು. ನಾನು ಪಕ್ಕದಲ್ಲಿ ನಿಂತು ನೋಡಿದೆ.

ಫೋಟೋಗಳನ್ನು ಬಂದ ಹಾಗೆಯೇ ಪರದೆಗೆ ಹಾಯಿಸುವ ಕೆಲಸ ಫರಹತಳದು. ಹಳೇ ಹುಬ್ಬಳ್ಳಿಯ ಹುಡುಗಿ, ತಾನೂ ಆಟದ ಫೋಟೋ ತೆಗೆಯುತ್ತಾಳೆ. ಆಟೋ ಇಡುತ್ತಾಳೆಂದು ಅಪ್ಪನ ಬಾಯಿಂದ ಬೇಕಾದಷ್ಟು ಅನ್ನಿಸಿಕೊಂಡವಳು. ಹುಡುಗಿಯರ ನಾನೂರು ಮೀಟರಿನ ಮೊದಲ ಸುತ್ತು ಮುಗಿದು ಫೋಟೋಗಳು ಪರದೆಯ ಮೇಲೆ ಬಂದವು. ಇಟ್ಟಿಗೆ ಬಣ್ಣದ ಟ್ರ್ಯಾಕು ನೇರಳೆಯಾಗಿತ್ತು, ಓಡುವವರ ಮುಖ ಸೀಸದ ಬಣ್ಣ. ಗ್ಯಾಲರಿಯಲ್ಲಿ ನಗು ಎದ್ದಿತು. ಫರಹತ ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ. ಜನ ಖುಷಿಪಡುತ್ತಿದ್ದಾರೆಂದು ಅಪ್ಪ ತಿಳಿದರು.

ಸ್ವಲ್ಪ ಹೊತ್ತಿಗೆ ತಾರಾಬಾಯಿ ಎಂಬ ಹೆಂಗಸು ತನ್ನ ಮಗಳನ್ನು ರಟ್ಟೆ ಹಿಡಿದು, ನಾವು ನಿಂತಿದ್ದ ಕಡೆಯೇ ಇದ್ದ ಪ್ರಥಮ ಚಿಕಿತ್ಸೆಯ ಟೆಂಟಿಗೆ ಎಳೆದುಕೊಂಡು ಬಂದರು. ಮಗಳು ಮಾನಸಿ, ಹದಿನಾರರ ಹುಡುಗಿ, ಆಗಷ್ಟೇ ಮೊದಲನೆಯವಳಾಗಿ ಫೈನಲಿಗೆ ಹೋದವಳು. ತಾಯಿಯ ಮೊಬೈಲಿಗೆ ಬಂದ ಫೋಟೋದಲ್ಲಿ ಅವಳ ತುಟಿ ನೀಲಿಯಾಗಿತ್ತು. ಹೋದ ವರ್ಷ ಅವರ ಓಣಿಯ ಹುಡುಗನೊಬ್ಬ ಓಡುತ್ತಲೇ ಕುಸಿದು ಸತ್ತಿದ್ದನಂತೆ. ಡಾಕ್ಟರು ನಾಡಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಏನೂ ಆಗಿಲ್ಲ ಎಂದರು. ಹಾಗಾದರೆ ಫೋಟೋ ಸುಳ್ಳೇ ಎಂದು ತಾಯಿ ಕೇಳಿದರು. ಬಣ್ಣದಲ್ಲಿ ಏನೋ ಹೆಚ್ಚುಕಡಿಮೆ ಆಗಿರಬೇಕು ಎಂದು ಫರಹತ ಮೆಲ್ಲಗೆ ಅಂದದ್ದು ಅಪ್ಪನ ಕಿವಿಗೆ ಬಿತ್ತು.

"ಮೂವತ್ತೆರಡು ವರ್ಷ ಆತು. ನನ್ನ ಫೋಟೋ ಸುಳ್ಳು ಹೇಳಂಗಿಲ್ಲ," ಅಂದರು ಅಪ್ಪ. "ಹುಡುಗೀನ ಸರಿಯಾಗಿ ನೋಡ್ರಿ ಮೊದಲ."

ತಾರಾಬಾಯಿಗೆ ಅಷ್ಟೇ ಬೇಕಿತ್ತು. ಬಗ್ಗಿ ಮಗಳ ಓಟದ ಬೂಟಿನ ಲೇಸು ಬಿಚ್ಚತೊಡಗಿದರು. ಫೈನಲ್ ಸಂಜೆ ನಾಲ್ಕಕ್ಕೆ. ಮಾನಸಿ ಅಳಲಿಲ್ಲ, ಜಗಳ ಮಾಡಲಿಲ್ಲ, ಕುರ್ಚಿಯಲ್ಲಿ ಕಾಲು ಚಾಚಿ ಕೂತು ಬೂಟು ಬಿಚ್ಚಿಸಿಕೊಂಡಳು. ಅವಳಿಗೆ ಏನೂ ಆಗಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಸುಮ್ಮನೆ ಕೂರುವುದನ್ನು ಅಷ್ಟು ಬೇಗ ಕಲಿತುಬಿಟ್ಟಳಲ್ಲ ಎಂದು ನನಗೆ ಸಂಕಟವಾಯಿತು. ಅವ್ವನ ಆಣೆ ಅಲ್ಲಿಗೆ ಮುಗಿಯಿತು.

"ಅಪ್ಪಾ, ಹುಡುಗಿ ಆರಾಮ ಅದಾಳ. ತಪ್ಪಿರೂದು ಫೋಟೋದಾಗ."

ಅಪ್ಪ ನನ್ನನ್ನು ನೋಡಿದ ನೋಟಕ್ಕೆ ಬೇರೆ ದಿನವಾಗಿದ್ದರೆ ಮಾತು ನುಂಗುತ್ತಿದ್ದೆ. ಬಳಸದಿದ್ದರೂ ಅವರ ಚೀಲದ ಮೂಲೆಯಲ್ಲೇ ಉಳಿದಿದ್ದ ವಿಭೂತಿ ಗಟ್ಟಿ ತೆಗೆದು, ಟೆಂಟಿನ ಹೊರಗೆ ಬಿಸಿಲಿನಲ್ಲಿ ಅಂಗೈ ಮೇಲೆ ಹಿಡಿದು, ಇದು ಯಾವ ಬಣ್ಣ ಹೇಳಿ ಎಂದೆ.

"ಹೇಳೂದೇನೈತಿ? ಹಳದಿ. ಖೊಟ್ಟಿ ಮಾಲು."

ತಾರಾಬಾಯಿಯನ್ನು ಕೇಳಿದೆ, ಬೆಳ್ಳಗಿದೆಯಲ್ಲ ಎಂದರು. ಡಾಕ್ಟರು ಬಿಳಿ ಎಂದರು. ಫರಹತ ಹೌದೆಂದು ತಲೆಯಾಡಿಸಿದಳು. ಅಪ್ಪ ನನ್ನ ಅಂಗೈ ನೋಡಿದರು, ಒಬ್ಬೊಬ್ಬರ ಮುಖ ನೋಡಿದರು, ಮತ್ತೆ ಅಂಗೈ ನೋಡಿದರು. ಡಾಕ್ಟರು ಅವರನ್ನು ಒಳಗೆ ಕೂರಿಸಿ ಬ್ಯಾಟರಿ ಬಿಟ್ಟು ಕಣ್ಣು ಪರೀಕ್ಷಿಸಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಅದಕ್ಕೇ ಬಿಳಿ ಹಳದಿಯಾಗಿ ಕಾಣುತ್ತದೆ, ದೊಡ್ಡ ದವಾಖಾನೆಗೆ ತೋರಿಸಿ, ತೆಗೆಸಿಕೊಳ್ಳಬಹುದು, ಈಗ ಅದೇನು ದೊಡ್ಡ ಮಾತಲ್ಲ ಎಂದರು. ಅಪ್ಪ ಚಿಕ್ಕ ಹುಡುಗನ ಹಾಗೆ ಗದ್ದ ಎತ್ತಿ ಕೂತಿದ್ದರು. ಆಗ ಅವರನ್ನು ನೋಡಲು ನನಗೆ ಆಗಲಿಲ್ಲ.

ಮಾನಸಿ ಬೂಟು ಕಟ್ಟಿಕೊಂಡಳು. ಸಂಜೆ ಫೈನಲ್ ಓಡಿ ನಾಲ್ಕನೆಯವಳಾಗಿ ಬಂದಳು.

ಮಧ್ಯಾಹ್ನ ಗ್ಯಾಲರಿಯ ಕೆಳಗೆ ಬುತ್ತಿ ಬಿಚ್ಚಿ ಕೂತೆವು. ಎಷ್ಟು ದಿನದಿಂದ ಎಂದು ಅಪ್ಪ ಕೇಳಿದರು. ಎರಡು ವರ್ಷ ಎಂದೆ. ಹಾಗಾದರೆ ಪೇಪರಿನಲ್ಲಿ ಬಂದವೋ ಎಂದರು. ಅವನ್ನು ನಾನು ತಿದ್ದಿದ್ದೆ ಎಂದೆ. ನಿಮ್ಮವ್ವನಿಗೆ ಗೊತ್ತೇ ಎಂದು ಕೇಳಿದರು, ಗೊತ್ತು ಎಂದೆ. ಮುರಿದ ರೊಟ್ಟಿಯನ್ನು ಬುತ್ತಿಯಲ್ಲಿ ಹಾಗೆಯೇ ಇಟ್ಟರು. ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಟ್ರ್ಯಾಕಿನ ಕಡೆ ತಿರುಗಿದ ಅವರ ಮುಖ ಇದ್ದಕ್ಕಿದ್ದ ಹಾಗೆ ತಿಳಿಯಾಯಿತು.

"ಬಾಜೂಕ ನಿಂದರು. ನಂಬರ ನೀ ಹೇಳು, ಫೋಟೋ ನಾ ತೆಗೀತೇನಿ. ಆತಲ್ಲ, ಅಷ್ಟರಾಗ ಏನೈತಿ?"

ನಿಂತೆ. ಬಿಸಿಲಿಗೆ ಐದು ಸಾವಿರದ ಮುನ್ನೂರು. ಗ್ಯಾಲರಿಯ ನೆರಳಿನೊಳಗೆ ಓಡಿ ಬಂದರೆ ಏಳು ಸಾವಿರ. ಹೊತ್ತು ಇಳಿದ ಹಾಗೆ ಐದು ಸಾವಿರದ ನೂರು. ನಾನು ಹೇಳುತ್ತ ಹೋದೆ, ಅವರು ಇಡುತ್ತ ಹೋದರು. ಕೈಚಳಕಕ್ಕೆ ಏನೂ ಆಗಿರಲಿಲ್ಲ. ಎತ್ತರ ಜಿಗಿತದ ಹುಡುಗನ ಬೆನ್ನು ಕೋಲಿನ ಮೇಲೆ ಬಾಗಿದ ಆ ಒಂದು ಗಳಿಗೆಯನ್ನು ಅವರಂತೆ ಹಿಡಿಯುವುದು ನನಗೆ ಇನ್ನೂ ಬಂದಿಲ್ಲ. ದೊಡ್ಡ ಪರದೆಯ ಮೇಲೆ ಚರ್ಮ ಚರ್ಮದ ಬಣ್ಣದಲ್ಲಿ, ಮಣ್ಣು ಮಣ್ಣಿನ ಬಣ್ಣದಲ್ಲಿ ಬಂತು. ಜನ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ನಕ್ಕವರೇ ಬಂದು ಕೈ ಕುಲುಕಿದರು. ಅಪ್ಪ ಎಲ್ಲರಿಗೂ ನನ್ನನ್ನು ತೋರಿಸಿ, ನಮ್ಮ ಉಮಾಶ್ರೀ, ಇನ್ನು ಮೇಲೆ ನನ್ನ ಕಣ್ಣು ಇವಳೇ ಎಂದು ಹೇಳಿದರು. ಎಂಥ ಪುಣ್ಯ ಮಾಡಿದ್ದೀರಿ ಸ್ವಾಮೇರ ಎಂದು ಅವರೆಲ್ಲ ಹೇಳಿದರು.

ಮೊದಲು ಮುಚ್ಚಿದ ಕೋಣೆಯಲ್ಲಾದರೂ ಒಬ್ಬಳೇ ಇರುತ್ತಿದ್ದೆ, ಮನಸ್ಸಿನಲ್ಲೇ ಬೈದುಕೊಳ್ಳಬಹುದಿತ್ತು. ಈಗ ಎಲ್ಲರೂ ಕೂಡಿ ಹಾರ ಹಾಕಿ ನನ್ನನ್ನು ಕಟ್ಟಿಹಾಕುತ್ತಿದ್ದರು. ಆಪರೇಷನ್ನಿನ ಮಾತು ಎತ್ತಿ ನೋಡಿದೆ. ನೀನಿದ್ದ ಮೇಲೆ ಅದು ಯಾಕೆ ಬೇಕು ಎಂದು ಅಪ್ಪ ನಕ್ಕರು. ಎರಡು ವರ್ಷದಲ್ಲಿ ಅವರು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಐದೂವರೆಗೆ ರಿಲೇ ಓಟ ಒಂದೇ ಉಳಿದಿತ್ತು. ತಂಡಗಳು ಸೇರಲು ತಡವಾಗುತ್ತಿತ್ತು. ಬೇಲಿಗೆ ಒರಗಿ ನಿಂತಿದ್ದ ಅಪ್ಪನಿಗೆ ನಾನು ಪತ್ರದ ಸಂಗತಿ ಹೇಳಿದೆ. ಹಾಕಿ ತಂಡ, ಒಂದು ವರ್ಷ, ಆರರೊಳಗೆ ಉತ್ತರ ಕೊಡಬೇಕು, ಇದಕ್ಕೆ ಮೊದಲು ಎರಡು ಬಿಟ್ಟಿದ್ದೇನೆ, ಎಲ್ಲ ಹೇಳಿದೆ. ಅವರು ಮಸೂರಕ್ಕೆ ಮುಚ್ಚಳ ಹಾಕಿದರು.

"ಹೋಗವ್ವ. ನಾ ಯಾಕ ಬ್ಯಾಡ ಅನ್ಲಿ? ಕ್ಯಾಮೆರಾ ಪೆಟ್ಟಿಗ್ಯಾಗ ಇಟ್ಟು ಮನ್ಯಾಗ ಕೂಡ್ತೇನಿ. ನಂಗೂ ಸಾಕಾತು."

ಸಿಟ್ಟಿರಲಿಲ್ಲ, ದನಿ ಮೆತ್ತಗಿತ್ತು. ನಮ್ಮ ಮನೆಯ ಎಲ್ಲಕ್ಕಿಂತ ಗಟ್ಟಿ ಬೀಗ ಇದೇ. ಅವ್ವನಿಗೆ ಮದುವೆಯಾದ ಹೊಸದರಲ್ಲಿ ಸಾಲಿಯಲ್ಲಿ ಮಾಸ್ತರಿಕೆ ಸಿಕ್ಕಾಗ ಇವರು, ಹೋಗು, ನಾನು ಖಾನಾವಳಿಯಲ್ಲಿ ಉಣ್ಣುತ್ತೇನೆ ಎಂದಿದ್ದರಂತೆ. ಇದೇ ಮೆತ್ತನೆಯ ದನಿಯಲ್ಲಿ. ಅವ್ವ ಹೋಗಲಿಲ್ಲ. ಅದನ್ನು ಅವಳು ನನಗೆ ಗಂಡನ ಒಳ್ಳೆಯತನವೆಂದೇ ಹೇಳಿದ್ದಳು.

"ಪೆಟ್ಟಿಗ್ಯಾಗ ಇಡ್ರಿ," ಅಂದೆ.

ಅಪ್ಪ ತಲೆ ಎತ್ತಿದರು. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ ನನ್ನ ತುಟಿ ನೋಡಿದರು. ನಾನು ಮೊಬೈಲು ತೆಗೆದು ಅಲ್ಲಿಯೇ ನಿಂತು, ಕೆಲಸಕ್ಕೆ ಬರುತ್ತೇನೆ ಎಂದು ತಂಡದವರಿಗೆ ಬರೆದು ಕಳಿಸಿದೆ. ಒಂದೇ ಸಾಲನ್ನು ಮೂರು ಸಲ ಬರೆಯಬೇಕಾಯಿತು. ಹೆತ್ತ ಅಪ್ಪನ ಕೊರಳು ಹಿಚುಕಿದವಳಂತೆ ಅನ್ನಿಸಿತು; ಮನೆಗೆ ಹೋಗಿ ಅವ್ವನಿಗೆ ಹೇಗೆ ಮುಖ ತೋರಿಸಲಿ ಎಂದುಕೊಂಡೆ. ಆದರೂ ಇನ್ನೊಮ್ಮೆ ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ.

ಮೈಕಿನಲ್ಲಿ ರಿಲೇ ಕೂಗಿದರು. ಹುಡುಗಿಯರು ಗೆರೆಗೆ ಬಂದು ಬಗ್ಗಿದರು. ಹಿಂದೆ ಕ್ಯಾಮೆರಾ ಚೀಲದ ಜಿಪ್ಪು ಎಳೆದ ಸಪ್ಪಳ ಕೇಳಿಸಿತು. ಕ್ಯಾಮೆರಾವನ್ನು ಒಳಗೆ ಇಡುತ್ತಿದ್ದಾರೆ, ನೋಡಬಾರದು ಎಂದುಕೊಂಡು ನಾನು ಮುಖ ತಿರುಗಿಸಿ ನಿಂತೆ.

"ಏ ಫರಹತ, ಲಗೂ ಬಾ ಇಲ್ಲೆ. ಈ ಬಿಸಲಿಗೆ ಎಷ್ಟ ಇಡ್ಲಿ?"

ತಿರುಗಿ ನೋಡಿದರೆ ಅಪ್ಪ ಉದ್ದನೆಯ ಮಸೂರ ಹಾಕಿಕೊಂಡು ಗೆರೆಯ ಪಕ್ಕ ಆಗಲೇ ಮಂಡಿಯೂರಿದ್ದರು. ಫರಹತ ಓಡಿ ಬಂದು, ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿ, ಐದು ಸಾವಿರ ಇಡ್ರಿ ಕಾಕಾ ಎಂದಳು. ಅಪ್ಪ ಮರುಮಾತಿಲ್ಲದೆ ಇಟ್ಟರು. ನನ್ನನ್ನು ಕೇಳಿದ್ದರೆ ನಾಲ್ಕು ಸಾವಿರದ ಆರುನೂರು ಹೇಳುತ್ತಿದ್ದೆ. ಐದು ಸಾವಿರಕ್ಕೆ ಫೋಟೋ ಸ್ವಲ್ಪ ಹಳದಿ ಬರುತ್ತದೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ನಾನಿಲ್ಲದಿದ್ದರೆ ಈ ಮನುಷ್ಯ ಉಳಿಯುವುದಿಲ್ಲವೆಂದು ಎರಡು ವರ್ಷ ಕಿಟಕಿ ಮುಚ್ಚಿಕೊಂಡು ಕೂತಿದ್ದೆ. ಇನ್ನೊಬ್ಬರನ್ನು ಕೇಳಲು ಅವರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಪಿಸ್ತೂಲಿನ ಸಪ್ಪಳವಾಯಿತು, ಹುಡುಗಿಯರು ಓಡಿದರು, ಅಪ್ಪನ ಕ್ಯಾಮೆರಾ ಒಂದೇ ಸಮನೆ ಕಟಕಟ ಅನ್ನತೊಡಗಿತು. ನಾನು ಬೇಲಿ ಹಿಡಿದು ನಿಂತು ಅತ್ತೆ.